300ರ ಪ್ಲಾನ್ ಇದ್ದರೂ 94 ದಾಟುತ್ತಿಲ್ಲ. ಹೊಸ ರೌಟರ್ ತಗೊಳ್ಳಬೇಕಾ?

ಮೇಲ್ಮಹಡಿ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗೆ ಫೈಬರ್ ಬಂದು ಎರಡು ವರ್ಷ. ಮೊದಲು 100 ಎಂಬಿಪಿಎಸ್ ಪ್ಲಾನ್ ಇತ್ತು. ಹೋದ ತಿಂಗಳು 300ಕ್ಕೆ ಏರಿಸಿದೆ. ಏನೂ ವ್ಯತ್ಯಾಸ ಕಾಣುತ್ತಿಲ್ಲ. ರೌಟರ್ ಪಕ್ಕದಲ್ಲೇ ಕೂತು ಸ್ಪೀಡ್ ಟೆಸ್ಟ್ ಮಾಡಿದರೂ 94. ಬೆಳಿಗ್ಗೆ 94, ನಡುರಾತ್ರಿ 94. ಒಮ್ಮೆ 93.8 ಬಂತು, ಏನೋ ಬದಲಾಯಿತು ಅಂತ ಖುಷಿಪಟ್ಟೆ.

ಮೇಲಿನ ಕೋಣೆಯಲ್ಲಂತೂ 15ರಿಂದ 20. ನನ್ನ ಕೆಲಸದ ಮೇಜು ಇರುವುದೂ ಅಲ್ಲೇ. ವಿಡಿಯೋ ಕಾಲ್‌ನಲ್ಲಿ ಬಾಯಿ ತೆರೆದ ಹಾಗೇ ನನ್ನ ಮುಖ ನಿಂತುಬಿಡುತ್ತದಂತೆ. ನೋಡಿದವರು ಹೇಳಿದ್ದು.

ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲ ಸರಿಯಿದೆ, ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ. ಮೂರು ಸಲ ಮಾಡಿದ್ದಾಯಿತು. ಗೋಡೆ ಮೇಲೆ ಅವರ ಫೈಬರ್ ಡಬ್ಬಿ ಇದೆ. ಅದರಿಂದ ಒಂದು ಕೇಬಲ್ ನನ್ನ ಸ್ವಂತ ವೈಫೈ 6 ರೌಟರ್‌ಗೆ ಬರುತ್ತದೆ. ವೈಫೈ 7 ರೌಟರ್ ತಗೊಂಡರೆ ಸರಿಹೋಗುತ್ತಾ?

ಗೇಮರ್_07

ಕಣ್ಣು ಮುಚ್ಚಿ ವೈಫೈ 7 ತಗೊಳ್ಳಿ. ನಾನು ಹೋದ ವರ್ಷವೇ ಬದಲಿಸಿದೆ. ಆಮೇಲೆ ಒಂದು ದಿನವೂ ತಲೆನೋವಿಲ್ಲ.

ತಂತಿಪ್ರೇಮಿ

ತಡೀರಿ ತಡೀರಿ, ದುಡ್ಡು ಬಿಚ್ಚಬೇಡಿ. 94 ಅನ್ನುವ ಅಂಕಿ ಕಂಡ ಕೂಡಲೇ ನಗು ಬಂತು. ಹಳೇ ಪರಿಚಯ! ವೈಫೈ ಯಾವತ್ತೂ ಹೀಗೆ ಒಂದೇ ಅಂಕಿಗೆ ಅಂಟಿಕೊಂಡು ಕೂರುವುದಿಲ್ಲ. ಯಾರಾದರೂ ಅಡ್ಡ ನಡೆದರೂ ಏರಿಳಿಯುತ್ತದೆ. ಹಗಲೂ ರಾತ್ರಿ 94 ಬರುತ್ತಿದೆ ಅಂದರೆ ದಾರಿಯಲ್ಲಿ ಎಲ್ಲೋ ಒಂದು ತಂತಿ 100ರಲ್ಲಿ ಓಡುತ್ತಿದೆ.

100 ಇದ್ದರೆ 94 ಯಾಕೆ? ಎತರ್ನೆಟ್ ತಂತಿಯ ಮೇಲೆ ಡೇಟಾ ಚಿಕ್ಕ ಚಿಕ್ಕ ಕಟ್ಟುಗಳಾಗಿ ಹೋಗುತ್ತದೆ. ತುಂಬಿದ ಒಂದು ಕಟ್ಟು 1538 ಬೈಟ್ ಜಾಗ ಹಿಡಿಯುತ್ತದೆ. ಅದರಲ್ಲಿ ನಿಮ್ಮ ಸರಕು 1448 ಬೈಟ್ ಮಾತ್ರ. ಉಳಿದದ್ದು ವಿಳಾಸ, ತಪ್ಪು ಹಿಡಿಯುವ ಲೆಕ್ಕ, ಎರಡು ಕಟ್ಟುಗಳ ನಡುವಿನ ಬಿಡುವು. 1448ನ್ನು 1538ರಿಂದ ಭಾಗಿಸಿ ನೋಡಿ, 0.94 ಬರುತ್ತದೆ.

ಇನ್ನು ತಂತಿಯ ವಿಷಯ. ಕೇಬಲ್ ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಬೇಕು. ಆ ಎರಡು ಜೋಡಿ ಚೆನ್ನಾಗಿದ್ದು, ಉಳಿದ ನಾಲ್ಕು ಎಳೆಗಳಲ್ಲಿ ಒಂದು ತುಂಡಾಗಿದ್ದರೆ ಅಥವಾ ಪಿನ್ ಸರಿಯಾಗಿ ಕೂರದಿದ್ದರೆ, ಎರಡೂ ಕಡೆಯ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ. ನಿಮಗೆ ಹೇಳುವುದಿಲ್ಲ. ದೀಪ ಉರಿಯುತ್ತದೆ, ನೆಟ್ ಬರುತ್ತದೆ. ನಿಮ್ಮ ಹಳೇ ಪ್ಲಾನ್ 100 ಇದ್ದದ್ದರಿಂದ ಎರಡು ವರ್ಷ ಇದು ಬಯಲಾಗಲೇ ಇಲ್ಲ.

ರೌಟರ್‌ನ ಸ್ಟೇಟಸ್ ಪುಟಕ್ಕೆ ಹೋಗಿ ವ್ಯಾನ್ ಪೋರ್ಟ್‌ನ (ಫೈಬರ್ ಡಬ್ಬಿಯ ಕೇಬಲ್ ಬಂದು ಸೇರುವ ಜಾಗ) ಲಿಂಕ್ ಸ್ಪೀಡ್ ನೋಡಿ. 1000 ಇರಬೇಕು. 100 ಇದ್ದರೆ ಕಳ್ಳ ಸಿಕ್ಕಿದ. ಕೇಬಲ್ ಮೈಮೇಲೆ ಏನು ಬರೆದಿದೆ ಅಂತಲೂ ಓದಿ. ಕ್ಯಾಟ್ ಅನ್ನುವುದು ಕೇಬಲ್‌ನ ದರ್ಜೆ. ಕ್ಯಾಟ್ 5ಇ ಇದ್ದರೆ ಸಾಕು, 100 ಮೀಟರ್ ತನಕ ಗಿಗಾಬಿಟ್ ಎಳೆಯುತ್ತದೆ. ಕ್ಯಾಟ್ 8 ಅಂತ ಚಿನ್ನದ ಬಣ್ಣದ ಕೇಬಲ್ ಹಿಂದೆ ಬೀಳಬೇಡಿ. ಹಾಂ, ಇನ್ನೊಂದು. ಕೆಲವು ಫೈಬರ್ ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ಯಾವುದಕ್ಕೆ ಸಿಕ್ಕಿಸಿದ್ದೀರಿ ನೋಡಿಕೊಳ್ಳಿ.

ಸುಮ್ನೆ_ಓದುವವ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಸ್ಪೀಡ್ ಟೆಸ್ಟ್‌ನಲ್ಲಿ 95 ಬರುತ್ತದೆ. ಆದರೆ ಫೈಲ್ ಇಳಿಸುವಾಗ 11 ಅಂತ ತೋರಿಸುತ್ತದೆ. ಉಳಿದದ್ದು ಯಾರು ತಿಂದರು?

ತಂತಿಪ್ರೇಮಿ

ಯಾರೂ ತಿಂದಿಲ್ಲ. ಪ್ಲಾನ್ ಇರುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 95ನ್ನು 8ರಿಂದ ಭಾಗಿಸಿ. (ಅಂದಹಾಗೆ ನಿಮಗೂ 95? ನಿಮ್ಮ ಪ್ಲಾನ್ ಎಷ್ಟರದು?)

ಸುಮ್ನೆ_ಓದುವವ

100ರದ್ದೇ. ಹೆದರಿಸಬೇಡಿ.

ಫೈಬರ್‌ಕೈ

ಕೇಬಲ್ ಅಂತಲೇ ನನಗೂ ಅನಿಸುತ್ತದೆ. ನಾನು ಫೈಬರ್ ಜೋಡಿಸುವ ಕೆಲಸದವನು. ಗೋಡೆಯ ಆಚೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಅದು ಯಾಕೆ ಅಲ್ಲ ಅನ್ನುವುದೂ ಗೊತ್ತಾಗುತ್ತದೆ.

ತಮ್ಮ ಮನೆಗೇ ಅಂತ ಒಂದು ಎಳೆ ಕೇಂದ್ರದಿಂದ ಬಂದಿದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮನೆಗಳಲ್ಲಿ ಹೆಚ್ಚಾಗಿ ಇರುವುದು ಜಿಪಾನ್, ಅಂದರೆ ಒಂದೇ ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುವ ವ್ಯವಸ್ಥೆ. ಕೇಂದ್ರದಿಂದ ಒಂದೇ ಎಳೆ ಹೊರಡುತ್ತದೆ. ದಾರಿಯಲ್ಲಿ ಒಂದು ಸ್ಪ್ಲಿಟರ್ ಇರುತ್ತದೆ. ಅದಕ್ಕೆ ಕರೆಂಟೂ ಬೇಡ, ಬುದ್ಧಿಯೂ ಇಲ್ಲ. ಬಂದ ಬೆಳಕನ್ನು 32 ಅಥವಾ 64 ಪಾಲು ಮಾಡುತ್ತದೆ, ಅಷ್ಟೇ. ಕೆಳಗೆ ಬರುವ ಬೆಳಕು 1490 ನ್ಯಾನೋಮೀಟರ್, ಮೇಲೆ ಹೋಗುವುದು 1310. ಬಣ್ಣ ಬೇರೆಯಾದ್ದರಿಂದ ಎರಡೂ ಒಂದೇ ಎಳೆಯಲ್ಲಿ ಡಿಕ್ಕಿ ಹೊಡೆಯದೆ ಓಡಾಡುತ್ತವೆ. ಇಳಿಯುವ ದಾರಿ ಒಟ್ಟು 2.488 ಗಿಗಾಬಿಟ್, ಏರುವ ದಾರಿ 1.244. ಇದನ್ನು ಆ ಎಲ್ಲ ಮನೆಗಳೂ ಹಂಚಿಕೊಳ್ಳಬೇಕು.

ನಿಮಗೆ ಬರುವ ಡೇಟಾ ಪಕ್ಕದ ಮನೆಯ ಡಬ್ಬಿಗೂ ಬೀಳುತ್ತದೆ. ತನ್ನ ಹೆಸರಿಗೆ ಬಂದದ್ದಲ್ಲ ಅಂತ ಅದು ಬಿಸಾಡುತ್ತದೆ. ಸಾಮಾನ್ಯವಾಗಿ ಗುಪ್ತಲಿಪಿಯಲ್ಲೂ ಇರುತ್ತದೆ. ಮೇಲೆ ಕಳಿಸುವಾಗ ಮಾತ್ರ ಸರದಿ. "ಈಗ ನೀನು, ಈಗ ಅವನು" ಅಂತ ಕೇಂದ್ರದ ಯಂತ್ರ ಒಬ್ಬೊಬ್ಬರಿಗೂ ಸಮಯ ಹಂಚುತ್ತದೆ. ಸಂಜೆ ಎಲ್ಲರೂ ಸಿನಿಮಾ ಹಾಕಿಕೊಂಡು ಕೂತಾಗ ವೇಗ ಇಳಿದರೆ ಈ ಹಂಚಿಕೆಯ ಮೇಲೋ ಅದರಾಚೆಯ ದಾರಿಯ ಮೇಲೋ ಅನುಮಾನ ಪಡಬಹುದು. ನಿಮ್ಮದು ನಡುರಾತ್ರಿಯೂ 94. ಹಾಗಾಗಿ ಇದಲ್ಲ.

ಇನ್ನು ಬೆಳಕು ಕಮ್ಮಿ ಬರುತ್ತಿದೆಯಾ ಅಂತ ನೋಡಬೇಕಾದರೆ ಡಬ್ಬಿಯ ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಬಲ, ಅಳೆಯುವುದು ಡಿಬಿಎಂನಲ್ಲಿ) ಅಂತ ಇರುತ್ತದೆ. ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಇರಬೇಕು. ಮೈನಸ್ 27ರ ಹತ್ತಿರ ಬಂದಷ್ಟೂ ಅಪಾಯ. 3 ಡಿಬಿ ಇಳಿದರೆ ಬೆಳಕು ಅರ್ಧಕ್ಕೆ ಬಿತ್ತು ಅಂತ ಲೆಕ್ಕ. 32 ಪಾಲು ಮಾಡಿದ್ದಕ್ಕೇ 15 ಡಿಬಿ ಹೋಗಿರುತ್ತದೆ, ಪಾಪ.

ಮನೆಯೊಳಗೆ ಬೆಳಕು ಸಾಯುವುದು ಎರಡೇ ಕಾರಣಕ್ಕೆ ಜಾಸ್ತಿ. ಒಂದು, ಎಳೆಯನ್ನು ಮಂಚದ ಕಾಲಿನ ಹಿಂದೆ ಗಟ್ಟಿಯಾಗಿ ಮಡಚಿರುತ್ತಾರೆ. ಮಡಿಕೆಯಲ್ಲಿ ಬೆಳಕು ಹೊರಗೆ ಸೋರುತ್ತದೆ. ಎರಡು, ತುದಿಯಲ್ಲಿ ದೂಳು. ಒಳಗೆ ಬೆಳಕು ಓಡುವ ಜಾಗ ಸುಮಾರು 9 ಮೈಕ್ರಾನ್ ಅಗಲ. ಒಂದು ಕಣ ಸಾಕು. ಹಸಿರು ತುದಿಗೆ ನೀಲಿ ತುದಿ ಜೋಡಿಸಬೇಡಿ. ಹಸಿರಿನದು 8 ಡಿಗ್ರಿ ಓರೆ, ನೀಲಿಯದು ನೇರ, ನಡುವೆ ಸಂದು ಉಳಿಯುತ್ತದೆ. ತುದಿಯೊಳಗೆ ಇಣುಕಿ ಮಾತ್ರ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಇಲ್ಲ ಅಂತಲ್ಲ.

ಮೇಲ್ಮಹಡಿ

ಕಳ್ಳ ಸಿಕ್ಕಿದ! ಲಿಂಕ್ ಸ್ಪೀಡ್ 100 ಅಂತಲೇ ಇತ್ತು. ಪವರ್ ಮೈನಸ್ 19.6. ಕೇಬಲ್ ನೋಡಿದರೆ ಯಾವುದೋ ಹಳೇ ಪ್ರಿಂಟರ್ ಜೊತೆ ಬಂದಿದ್ದ ಚಪ್ಪಟೆ ಕೇಬಲ್. ಒಂದು ಕಡೆ ಕ್ಲಿಪ್ ಮುರಿದಿದೆ, ನಾನೇ ಟೇಪ್ ಸುತ್ತಿ ಇಟ್ಟಿದ್ದೆ. ಮರೆತೇಹೋಗಿತ್ತು. ಬೇರೆ ಕ್ಯಾಟ್ 5ಇ ಹಾಕಿದೆ. ರೌಟರ್ ಪಕ್ಕ 287!

ಆದರೆ ಮೇಲೆ ಇನ್ನೂ 18. ಕಾಲ್ ಕೂಡ ಹಾಗೇ ಕಲ್ಲಾಗುತ್ತದೆ.

ಗೇಮರ್_07

ನೋಡಿದ್ರಾ, ಅದಕ್ಕೇ ಹೇಳಿದ್ದು. ಮೇಲೆ ತಲುಪಬೇಕಾದರೆ ರೌಟರ್ ಬದಲಿಸಲೇಬೇಕು.

ಅಲೆಮಾರಿ

ಬದಲಿಸಬೇಕಾದದ್ದು ರೌಟರ್ ಕೂತ ಜಾಗ ಇರಬಹುದು. ರೌಟರ್ ಎಲ್ಲಿದೆ? ಮೇಜಿಗೂ ಅದಕ್ಕೂ ನಡುವೆ ಏನೇನಿದೆ? ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿ ಡಿಬಿಎಂ ಎಷ್ಟು ಅಂತ ಹೇಳಿ. ಕಡ್ಡಿ ಎಣಿಸಬೇಡಿ. ಕಡ್ಡಿಗೆ ಅಳತೆಗೋಲೇ ಇಲ್ಲ, ಒಬ್ಬೊಬ್ಬ ಫೋನ್ ಮಾಡುವವರು ಒಂದೊಂದು ಥರ ಹಾಕಿರುತ್ತಾರೆ.

ಮೇಲ್ಮಹಡಿ

ರೌಟರ್ ಕೆಳಗಿನ ಹಾಲ್‌ನ ಮೂಲೆಯಲ್ಲಿ, ಟಿವಿ ಹಿಂದೆ, ಮರದ ಕಪಾಟಿನೊಳಗೆ. ನೋಡಲು ಚೆಂದ ಇರಲಿ ಅಂತ. ನನ್ನ ಮೇಜು ಮೇಲೆ, ಎದುರು ಮೂಲೆಯಲ್ಲಿ. ನಡುವೆ ಕಾಂಕ್ರೀಟ್ ಚಾವಣಿ, ಒಂದು ಗೋಡೆ, ಗೋಡೆಗೆ ಒರಗಿಸಿದ ದೊಡ್ಡ ಕನ್ನಡಿ. ಆ್ಯಪ್‌ನಲ್ಲಿ 5 ಗಿಗಾಹರ್ಟ್ಸ್ ಮೈನಸ್ 81, 2.4 ಮೈನಸ್ 70.

ಅಲೆಮಾರಿ

ಮಾರಾಯ್ರೆ, ರೌಟರನ್ನು ಬಚ್ಚಿಟ್ಟು ಅದು ಸಿಗುತ್ತಿಲ್ಲ ಅಂತ ದೂರುತ್ತಿದ್ದೀರಿ!

ಮೈನಸ್ 50 ಅಂದರೆ ಪಕ್ಕದಲ್ಲೇ ಇದ್ದ ಹಾಗೆ. ವಿಡಿಯೋ ಕಾಲ್‌ಗೆ ಮೈನಸ್ 67 ತನಕ ಒಳ್ಳೆಯದು. ಮೈನಸ್ 80 ದಾಟಿದರೆ ಸಂಪರ್ಕ ಉಳಿದಿರುವುದೇ ದೊಡ್ಡದು. ಇಲ್ಲೂ 10 ಡಿಬಿ ಅಂದರೆ ಹತ್ತು ಪಟ್ಟು. ಮೈನಸ್ 67ಕ್ಕೂ ಮೈನಸ್ 81ಕ್ಕೂ ಇರುವ ವ್ಯತ್ಯಾಸ 25 ಪಟ್ಟು.

ಈ ಅಲೆಗಳನ್ನು ತಡೆಯುವುದು ಯಾವುದು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಲೋಹ ಎಲ್ಲಕ್ಕಿಂತ ಕೆಟ್ಟದ್ದು. ಟಿವಿ ಹಿಂದೆ ಲೋಹದ ಹಾಳೆ ಇರುತ್ತದೆ. ಕನ್ನಡಿ ಹಿಂದೆಯೂ ತೆಳುವಾದ ಲೋಹದ ಲೇಪ. ಕಾಂಕ್ರೀಟಿನೊಳಗೆ ಕಂಬಿಗಳ ಬಲೆ. ನೀರೂ ಅಲೆಯನ್ನು ಹೀರುತ್ತದೆ. ಮೀನಿನ ತೊಟ್ಟಿ ಇದ್ದರೆ ಅದರ ಹಿಂದೆ ನೆರಳು ಬಿದ್ದ ಹಾಗೆ. ಮನುಷ್ಯರೂ ಬಹುಪಾಲು ನೀರೇ, ಅದಕ್ಕೇ ಜನ ತುಂಬಿದ ಕೋಣೆಯಲ್ಲಿ ಸಿಗ್ನಲ್ ಇಳಿಯುವುದು. ಒಣ ಮರ, ಸಾದಾ ಗಾಜು ಅಷ್ಟೇನೂ ತೊಂದರೆ ಮಾಡುವುದಿಲ್ಲ. ಇನ್ನೊಂದು ಜನ ಗಮನಿಸದ ವಿಷಯ: ಮೂಲೆಯಿಂದ ಮೂಲೆಗೆ ಹೋಗುವ ಅಲೆ ಗೋಡೆಯನ್ನು ಓರೆಯಾಗಿ ಕೊರೆಯಬೇಕು. 45 ಡಿಗ್ರಿ ಓರೆಯಲ್ಲಿ ಹೋದರೆ ಅದೇ ಗೋಡೆ 1.4 ಪಟ್ಟು ದಪ್ಪ.

2.4 ಮತ್ತು 5ರ ಜಗಳ ಎಲ್ಲರಿಗೂ ಗೊತ್ತು. ಮೊದಲನೆಯದು ದೂರ ಹೋಗುತ್ತದೆ, ಎರಡನೆಯದು ವೇಗ ಕೊಡುತ್ತದೆ. ಬಯಲಿನಲ್ಲೇ 5ಕ್ಕೆ ಸುಮಾರು 6 ಡಿಬಿ ನಷ್ಟ ಜಾಸ್ತಿ, ಗೋಡೆ ಬಂದರೆ ಇನ್ನೂ ಜಾಸ್ತಿ. ಹಾಗಾದರೆ 2.4ರಲ್ಲೇ ಇರೋಣ ಅಂದರೆ ಅಲ್ಲಿ ಸಂತೆ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆ 2.45ರಲ್ಲಿ ಬಿಸಿ ಮಾಡುತ್ತದೆ, ಅಕ್ಕಪಕ್ಕದ ಮನೆಗಳ ವೈಫೈಯೂ ಅಲ್ಲೇ. ಚಾನೆಲ್‌ಗಳು 5 ಮೆಗಾಹರ್ಟ್ಸ್‌ಗೊಂದು ಇವೆ, ಆದರೆ ಒಂದೊಂದು ನೆಟ್‌ವರ್ಕ್‌ಗೂ 20 ಬೇಕು. ಆದ್ದರಿಂದ ಒಂದರ ಮೇಲೊಂದು ಬೀಳದಂತೆ ಸಿಗುವುದು 1, 6, 11 ಮಾತ್ರ. ಜಾಣತನ ಮಾಡಿ 3ರಲ್ಲೋ 4ರಲ್ಲೋ ಕೂರಬೇಡಿ. ಎರಡೂ ಕಡೆಯವರಿಗೆ ನೀವು ಬರೀ ಗದ್ದಲವಾಗುತ್ತೀರಿ.

ಗದ್ದಲ ಅಂದೆ, ಯಾಕೆ ಗೊತ್ತಾ? ವೈಫೈ ಅಂದರೆ ಒಂದೇ ಮೈಕ್ ಇರುವ ಸಭೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಪ್ರತಿಯೊಬ್ಬರೂ ಮೊದಲು ಕಿವಿಗೊಟ್ಟು ಕೇಳಿ, ಯಾರೂ ಮಾತಾಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಬಾಯಿ ತೆರೆಯುತ್ತಾರೆ. ಅದೇ ಚಾನೆಲ್‌ನಲ್ಲಿರುವ ಪಕ್ಕದ ಮನೆಯವರೂ ಈ ಸರದಿಯಲ್ಲೇ ನಿಲ್ಲಬೇಕು. ದೂರದಲ್ಲಿ ಕೂತ, ಸಿಗ್ನಲ್ ಕಮ್ಮಿ ಇರುವ ಫೋನು ನಿಧಾನವಾಗಿ ಮಾತಾಡುತ್ತದೆ, ಮೈಕ್ ಬಿಡುವುದೇ ಇಲ್ಲ. ನಿಮ್ಮ ಮೇಲಿನ ಕೋಣೆಯ ಲ್ಯಾಪ್‌ಟಾಪ್ ಒಂದೇ ಇಡೀ ಮನೆಯನ್ನು ಕಾಯಿಸಬಲ್ಲದು. ರೌಟರ್ ಡಬ್ಬದ ಮೇಲೆ ಬರೆದಿರುವ ಆ ದೊಡ್ಡ ಅಂಕಿಯಲ್ಲಿ ಅರ್ಧದ ಆಸುಪಾಸು ಕೈಗೆ ಸಿಗುವುದೂ ಇದೇ ಕಾರಣಕ್ಕೆ.

ಈಗ ಮಾಡಬೇಕಾದದ್ದು: ರೌಟರನ್ನು ಕಪಾಟಿನಿಂದ ಹೊರಗೆ ತಂದು ಮೆಟ್ಟಿಲ ಹತ್ತಿರ ಎತ್ತರದಲ್ಲಿಡಿ. ಮೆಟ್ಟಿಲ ಜಾಗದಲ್ಲಿ ಚಾವಣಿ ಇಲ್ಲ ತಾನೇ, ಅಲೆ ಅಲ್ಲಿಂದ ಮೇಲೇರುತ್ತದೆ. ಆಂಟೆನಾ ಇದ್ದರೆ ಒಂದನ್ನು ಮಲಗಿಸಿ. ನೆಟ್ಟಗೆ ನಿಂತ ಆಂಟೆನಾ ಸುತ್ತಲೂ ಹರಡುತ್ತದೆ, ತನ್ನ ನೆತ್ತಿಯ ಮೇಲೆ ಕಮ್ಮಿ.

ಸುಮ್ನೆ_ಓದುವವ

ನಮ್ಮ ಮನೆಯಲ್ಲಿ ರಿಪೀಟರ್ ಹಾಕಿದ್ದೇವೆ. ಕಡ್ಡಿ ಪೂರ್ತಿ ಬರುತ್ತದೆ, ಆದರೂ ನಿಧಾನ. ಇದಕ್ಕೂ ಮೈಕ್ ಕಥೆಯೇನಾ?

ತಂತಿಪ್ರೇಮಿ

ಅದೇ ಕಥೆ. ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು. ಒಂದೇ ಬ್ಯಾಂಡಿನದಾದರೆ ಅದೇ ಮೈಕ್‌ನಲ್ಲಿ. ಪ್ರತಿ ಮಾತೂ ಎರಡು ಸಲ, ವೇಗ ಅರ್ಧ. ಅದರ ಮೇಲೆ ಅದನ್ನು ಇಡುವುದು ಎಲ್ಲಿ? ಸಿಗ್ನಲ್ ಸತ್ತ ಕೋಣೆಯಲ್ಲಿ! ಸತ್ತದ್ದನ್ನೇ ಜೋರಾಗಿ ಮತ್ತೆ ಹೇಳುತ್ತದೆ. ಕಡ್ಡಿ ತೋರಿಸುವುದು ನಿಮಗೂ ರಿಪೀಟರ್‌ಗೂ ಇರುವ ಸಂಬಂಧ ಮಾತ್ರ. ನಡುದಾರಿಯಲ್ಲಿ ಇಡಿ.

ಆಗುವುದಾದರೆ ಒಂದು ಕೇಬಲ್ ಎಳೆದು ಮೇಲೆ ಎರಡನೇ ವೈಫೈ ಡಬ್ಬಿ ಇಡಿ. ಮೆಶ್ (ಒಂದಕ್ಕೊಂದು ಸೇರಿ ಕೆಲಸ ಮಾಡುವ ವೈಫೈ ಡಬ್ಬಿಗಳು) ಆದರೂ ಸರಿ, ಹಿಂದಿನಿಂದ ಕೇಬಲ್ ಕೊಟ್ಟರೆ ಅದಕ್ಕೆ ಜೀವ ಬರುತ್ತದೆ. ನನ್ನ ಹೆಸರು ನೋಡಿಯೇ ಇದನ್ನು ಹೇಳುತ್ತೇನೆ ಅಂತ ಗೊತ್ತಾಗಿರಬೇಕು.

ಅಲೆಮಾರಿ

ಮೊದಲು ಜಾಗ ಬದಲಿಸಿ ನೋಡಲಿ ಬಿಡಿ. ಎಲ್ಲದಕ್ಕೂ ಗೋಡೆ ಕೊರೆಯಲು ಹೊರಡುತ್ತೀರಿ ನೀವು.

ತಂತಿಪ್ರೇಮಿ

ಕೊರೆದ ಗೋಡೆ ಹತ್ತು ವರ್ಷ ಕೆಲಸ ಕೊಡುತ್ತದೆ ಸ್ವಾಮಿ.

ಮೇಲ್ಮಹಡಿ

ಗೋಡೆ ಕೊರೆಯಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ರೌಟರ್ ಮೆಟ್ಟಿಲ ಬಳಿ ಹೋಯಿತು. "ನೋಡಲು ಚೆನ್ನಾಗಿಲ್ಲ" ಅನ್ನುವ ಮಾತು ಕೇಳಿದ್ದೂ ಆಯಿತು. ಕನ್ನಡಿಯನ್ನು ಎದುರು ಗೋಡೆಗೆ ಸರಿಸಿದೆವು. ಮೇಜಿನ ಹತ್ತಿರ 5 ಗಿಗಾಹರ್ಟ್ಸ್ ಮೈನಸ್ 64. ವೇಗ 140ರಿಂದ 160.

ಆದರೂ ಕಾಲ್ ದಿನಕ್ಕೆ ಒಂದೆರಡು ಸಲ ನಿಲ್ಲುತ್ತದೆ. 150 ಇದ್ದೂ ಕಾಲ್ ಯಾಕೆ ನಿಲ್ಲಬೇಕು? ಕಾಲ್‌ಗೆ 3-4 ಎಂಬಿಪಿಎಸ್ ಸಾಕಲ್ವಾ?

ರಾತ್ರಿಪಾಳಿ

ಸಾಕು. ಅದಕ್ಕೇ ಇದು ವೇಗದ ಕಾಯಿಲೆ ಅಲ್ಲ ಅನಿಸುತ್ತದೆ. ಎರಡು ಪ್ರಶ್ನೆ. ನಿಮ್ಮ ಅಪ್‌ಲೋಡ್ ಎಷ್ಟು? ಕಾಲ್ ನಿಲ್ಲುವ ಹೊತ್ತಿಗೆ ಮನೆಯಲ್ಲಿ ಯಾರ ಫೋನಾದರೂ ಫೋಟೋಗಳನ್ನು ಬ್ಯಾಕಪ್ ಮಾಡುತ್ತಿರುತ್ತದಾ?

ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಪಿಂಗ್ (ಪುಟ್ಟ ಕಟ್ಟು ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವುದು) ಓಡಲು ಬಿಡಿ. ಅದು ಓಡುತ್ತಿರುವಾಗಲೇ ಫೋನಿನಿಂದ ಒಂದು ದೊಡ್ಡ ವಿಡಿಯೋ ಮೇಲಕ್ಕೆ ಕಳಿಸಿ. ಪಿಂಗ್ ಎಷ್ಟಕ್ಕೆ ಏರುತ್ತದೆ ಹೇಳಿ.

ಮೇಲ್ಮಹಡಿ

ಅಪ್‌ಲೋಡ್ 30. ಪಿಂಗ್ ಸುಮ್ಮನಿದ್ದಾಗ 9 ಮಿಲಿಸೆಕೆಂಡ್. ವಿಡಿಯೋ ಕಳಿಸುತ್ತಿದ್ದ ಹಾಗೆ 640! ನಿಲ್ಲಿಸಿದ ಮೇಲೆ ಮತ್ತೆ 9. ಇದೇನು ಮಾಟ?

ರಾತ್ರಿಪಾಳಿ

ಬಫರ್‌ಬ್ಲೋಟ್ ಅಂತಾರೆ ಇದಕ್ಕೆ. ಡಬ್ಬಿಯೊಳಗೆ ಕಾಯುವ ಜಾಗ ಇರುತ್ತದೆ. ಮೇಲೆ ಹೋಗುವ ದಾರಿ 30 ಮಾತ್ರ, ವೈಫೈಯಿಂದ ಬರುವುದು 150ರಂತೆ. ಮಿಕ್ಕಿದ್ದು ಆ ಜಾಗದಲ್ಲಿ ಸಾಲುಗಟ್ಟುತ್ತದೆ. ಒಂದು ಕಟ್ಟನ್ನೂ ಕಳೆಯಬಾರದು ಅಂತ ತಯಾರಿಸುವವರು ಈ ಜಾಗವನ್ನು ಸಿಕ್ಕಾಪಟ್ಟೆ ದೊಡ್ಡದು ಮಾಡಿರುತ್ತಾರೆ. ಕಳಿಸುವವನಿಗೆ ದಾರಿ ತುಂಬಿದೆ ಅಂತ ಗೊತ್ತಾಗುವುದೇ ಒಂದು ಕಟ್ಟು ಕಳೆದುಹೋದಾಗ. ಕಳೆಯದೇ ಇದ್ದರೆ ಅವನು ಇನ್ನೂ ತುರುಕುತ್ತಾನೆ. ನಿಮ್ಮ ಕಾಲ್‌ನ ಪುಟ್ಟ ಕಟ್ಟು ಆ ಫೋಟೋ ಸಾಲಿನ ಹಿಂದೆ ಅರ್ಧ ಸೆಕೆಂಡಿಗಿಂತ ಜಾಸ್ತಿ ನಿಂತಿರುತ್ತದೆ. ಡೌನ್‌ಲೋಡ್ ಖಾಲಿ ಬಿದ್ದಿದ್ದರೂ ಇದು ಹೀಗೇ. ಸ್ಪೀಡ್ ಟೆಸ್ಟ್ ಹೊಡೆದರೆ ದೊಡ್ಡ ಅಂಕಿಯೇ ಬರುತ್ತದೆ, ಕಾಯಿಲೆ ಕಾಣುವುದೇ ಇಲ್ಲ.

ಇದಕ್ಕೆ ಮದ್ದು 2012ರಲ್ಲಿ ಬಂತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಬರೆದ ಕೋಡೆಲ್. ಸಾಲು ಎಷ್ಟು ಉದ್ದ ಅಂತ ಅದು ನೋಡುವುದಿಲ್ಲ. ಒಂದು ಕಟ್ಟು ಎಷ್ಟು ಹೊತ್ತು ನಿಂತಿತ್ತು ಅಂತ ನೋಡುತ್ತದೆ. ಜಾಸ್ತಿ ಹೊತ್ತಾಗುತ್ತಲೇ ಇದ್ದರೆ ಬೇಕಂತಲೇ ಒಂದನ್ನು ಬಿಸಾಡಿ ಕಳಿಸುವವನಿಗೆ ಸೂಚನೆ ಕೊಡುತ್ತದೆ. ಅದರ ಮುಂದಿನ ರೂಪ ಎಫ್‌ಕ್ಯು-ಕೋಡೆಲ್ ಒಂದೊಂದು ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯಲ್ಲಿ ಬಿಡುತ್ತದೆ. ನಿಮ್ಮ ರೌಟರ್‌ನಲ್ಲಿ ಎಸ್‌ಕ್ಯುಎಂ ಅಥವಾ ಕ್ಯುಓಎಸ್ (ಈ ಸಾಲನ್ನು ನಿಭಾಯಿಸುವ ಸೆಟ್ಟಿಂಗ್) ಅಂತ ಹುಡುಕಿ. ಅಪ್‌ಲೋಡ್‌ಗೆ 27 ಹಾಕಿ, 30 ಅಲ್ಲ. ಸ್ವಲ್ಪ ಕಮ್ಮಿ ಹಾಕಿದರೆ ಸಾಲು ಕಂಪನಿಯ ಡಬ್ಬಿಯಲ್ಲಿ ಕಟ್ಟದೆ ನಿಮ್ಮ ರೌಟರ್‌ನಲ್ಲೇ ಕಟ್ಟುತ್ತದೆ. ಅಲ್ಲಿಯಾದರೆ ಲಗಾಮು ನಿಮ್ಮ ಕೈಯಲ್ಲಿ.

ಸುಮ್ನೆ_ಓದುವವ

ಇದನ್ನೆಲ್ಲ ಓದಿ ನನ್ನ ರೌಟರ್ ಪುಟ ತೆರೆದೆ. ವ್ಯಾನ್ ವಿಳಾಸ 100.72 ಅಂತ ಶುರುವಾಗುತ್ತದೆ. ಹೊರಗಿದ್ದಾಗ ಮನೆ ಕ್ಯಾಮೆರಾ ನೋಡಲು ಪೋರ್ಟ್ ತೆರೆದಿದ್ದೆ, ಆಗುತ್ತಿಲ್ಲ. ಸಂಬಂಧ ಇದೆಯಾ?

ರಾತ್ರಿಪಾಳಿ

ಇದೆ. 100.64ರಿಂದ 100.127 ತನಕ ಕಂಪನಿಗಳ ಒಳಬಳಕೆಗೆ ಅಂತಲೇ ಮೀಸಲು. ಇಂಟರ್ನೆಟ್ ವಿಳಾಸಗಳ ಹಳೇ ಪದ್ಧತಿ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿ. ಹಾಗಾಗಿ ಒಂದು ಹೊರಗಿನ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚುತ್ತಾರೆ. ಹೊರಗಿನಿಂದ ಬಂದವನಿಗೆ ನಿಮ್ಮ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಹೊಸ ಪದ್ಧತಿ ಐಪಿವಿ6 ಕೊಡುತ್ತಾರಾ ಕೇಳಿ, ಇಲ್ಲ ಸ್ವಂತ ವಿಳಾಸ ಕೇಳಿ. ಕ್ಯಾಮೆರಾಗೆ ಪೋರ್ಟ್ ತೆರೆಯುವುದು ಹೇಗೂ ಒಳ್ಳೆಯ ಅಭ್ಯಾಸವಲ್ಲ, ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಗುಪ್ತ ಸುರಂಗ) ಹಾಕಿ. ಇದಕ್ಕೆ ಬೇರೆ ಚರ್ಚೆ ಶುರುಮಾಡಿ, ಇಲ್ಲಿ ಬೇಡ.

ಗೇಮರ್_07

ಎಲ್ಲ ಸರಿ, ಆದರೆ ವೈಫೈ 7ನ್ನು ಇಷ್ಟು ಬೈಯಬೇಕಾಗಿಲ್ಲ.

ಅಲೆಮಾರಿ

ಬೈಯುತ್ತಿಲ್ಲ. 2018ರಲ್ಲಿ ಈ ಅಂಕಿ ಹಾಕುವ ಪದ್ಧತಿ ಬಂದ ಮೇಲೆ 7 ಅಂದರೆ 6ಕ್ಕಿಂತ ಮೇಲು ಅಂತ ಎಲ್ಲರಿಗೂ ಅನಿಸುವುದು ಸಹಜ. ನಿಜಕ್ಕೂ ಮೇಲೇ. ಆದರೆ ಅದರ ದೊಡ್ಡ ಶಕ್ತಿ 320 ಮೆಗಾಹರ್ಟ್ಸ್ ಅಗಲದ ಚಾನೆಲ್. ಅದು ಸಿಗುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ. ಆ ಬ್ಯಾಂಡ್ ಗೋಡೆ ದಾಟುವುದರಲ್ಲಿ 5ಕ್ಕಿಂತಲೂ ಸೋಮಾರಿ. ಫೋನೂ ಲ್ಯಾಪ್‌ಟಾಪೂ ಅದನ್ನು ಅರಿತಿರಬೇಕು ಬೇರೆ. ಒಂದೇ ಕೋಣೆಯಲ್ಲಿ ಭಾರಿ ಫೈಲ್ ಎಳೆಯುವವರಿಗೆ ಚೆನ್ನ. ಇವರ ಕಾಯಿಲೆ ಮುರಿದ ಕ್ಲಿಪ್, ಟಿವಿ, ಫೋಟೋ ಬ್ಯಾಕಪ್. ಮೂರಕ್ಕೂ ಅದು ಮದ್ದಲ್ಲ.

ಮೇಲ್ಮಹಡಿ

ಎಸ್‌ಕ್ಯುಎಂ ಹಾಕಿದೆ, 27. ವಿಡಿಯೋ ಕಳಿಸುತ್ತಿರುವಾಗಲೂ ಪಿಂಗ್ 20ರ ಆಚೀಚೆ. ನಾಲ್ಕು ದಿನದಿಂದ ಮುಖ ಒಮ್ಮೆಯೂ ಕಲ್ಲಾಗಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಪ್ಪಟೆ ಕೇಬಲನ್ನು ಕತ್ತರಿಸಿ ಬಿಸಾಡಿದೆ, ಇನ್ನೊಮ್ಮೆ ಕೈಗೆ ಸಿಗಬಾರದು ಅಂತ.

ಗೇಮರ್_07

ಒಂದು ಸಣ್ಣ ವಿಷಯ. ಸುಮ್ನೆ ಕುತೂಹಲಕ್ಕೆ ನನ್ನ ಸ್ಟೇಟಸ್ ಪುಟ ನೋಡಿದೆ. ನನ್ನದು 500ರ ಪ್ಲಾನ್. ಲಿಂಕ್ ಸ್ಪೀಡ್ 100 ಅಂತಿದೆ.

ತಂತಿಪ್ರೇಮಿ

ಹೋದ ವರ್ಷ ಹೊಸ ರೌಟರ್ ತಂದಾಗ ಕೇಬಲ್ ಯಾವುದು ಹಾಕಿದ್ರಿ?

ಗೇಮರ್_07

ಹಳೇ ರೌಟರಿನದು.